ಬೆನ್ನಿಗೆ ಯಾರು

ಮಂಗಳವಾರ ಚರ್ಮದ ದಿನ.
ಆರು ಗಂಟೆಗೇ ಇದ್ದಿಲ ಒಲೆ ಹೊತ್ತಿಸುತ್ತೇನೆ.
ಎರಡು ಕಿಲೋ ವ್ಯಾಸಲೀನು, ಅಂಗೈಯಗಲ ಮೇಣ,
ತಕ್ಕಡಿಯಲ್ಲಿ ತೂಗಿದ ಸ್ಯಾಲಿಸಿಲಿಕ್ ಪುಡಿ.
ಸೀಲು ಹಾಕಿದ ಮುಲಾಮು ಲಿಲಾಂಗ್ವೆಯಿಂದ ಹೊರಟಿದೆಯಂತೆ,
ಮೂರು ತಿಂಗಳಿಂದ ಹೊರಟೇ ಇದೆ.
ಬರುವ ತನಕ ನನ್ನ ಸೌಟೇ ಕಾರ್ಖಾನೆ.
ಎನ್‌ಸೀಮಾ ತಿರುವುವ ಸೌಟು ಬೇರೆ, ಇದು ಬೇರೆ;
ಹೆಂಡತಿಯ ಮುಂದೆ ಆಣೆ ಮಾಡಿದ್ದೇನೆ.

ಹೊರಗೆ ಮಾವಿನ ಮರದಡಿ ಬೆಂಚು ತುಂಬುತ್ತದೆ.
ಸೆಖೆಯಲ್ಲೂ ತುಂಬುತೋಳು,
ಕತ್ತಿನ ತನಕ ಸುತ್ತಿಕೊಂಡ ಚಿತೇಂಜೆ ಬಟ್ಟೆ.
ಎಚ್‌ಐವಿ ರಕ್ತದಲ್ಲಿ ಗುಟ್ಟಾಗಿರಬಲ್ಲದು.
ಚರ್ಮದ ಬಾಯಿ ಮಾತ್ರ ಸಡಿಲ,
ಪರೀಕ್ಷೆಯ ಚೀಟಿಗಿಂತ ಮೊದಲೇ
ಊರಿಗೆಲ್ಲ ಹೇಳಿ ಬಂದಿರುತ್ತದೆ.

ತಿಯಾಮಿಕೆ ಬಂದದ್ದೂ ಇಂಥದೇ ಮಂಗಳವಾರ.
ಸರೋವರದ ದಂಡೆಯಲ್ಲಿ ಒಣಗಿದ ಉಸಿಪಾ ಮೀನು ಮಾರುವವಳು.
ತೋಳಿನ ತುಂಬ ಸಾಸಿವೆ ಚೆಲ್ಲಿದಂತೆ ಗುಳ್ಳೆ,
ಕೆರೆದು ಕೆರೆದು ಕಪ್ಪಗೆ ಗಂಟುಗಟ್ಟಿದ್ದವು.
"ಅಳೆದು ಕೊಡುವಾಗ ಅವರು ಮೀನು ನೋಡುವುದಿಲ್ಲ," ಅಂದಳು,
"ನನ್ನ ಕೈ ನೋಡುತ್ತಾರೆ.
ಆಮೇಲೆ ಪಕ್ಕದವಳ ಬುಟ್ಟಿಗೆ ಹೋಗುತ್ತಾರೆ."
ರಾತ್ರಿಗಳ ಮಾತು ಎತ್ತಲಿಲ್ಲ.
ಉಗುರಿನ ಸಂದಿಯಲ್ಲಿ ಒಣಗಿದ ರಕ್ತವಿತ್ತು.

ಕ್ಲಿನಿಕಲ್ ಆಫೀಸರ್ ಖುಂಬಿಜೆ ಬರೆದುಕೊಟ್ಟ:
ಮಾತ್ರೆ ದಿನಕ್ಕೊಂದು, ತಪ್ಪದೆ.
ಮುಲಾಮು ದಿನಕ್ಕೆರಡು ಸಲ, ಮೈತುಂಬ.

ಮೈತುಂಬ.
ಬರೆಯಲು ಎಷ್ಟು ಸಲೀಸು.

ಆರನೇ ವಾರ ಅವಳು ಬರಲಿಲ್ಲ.
ಸೈಕಲ್ಲು ತುಳಿದು ಹೋದೆ.
ಗುಳ್ಳೆ ಮುಖಕ್ಕೂ ಏರಿದ್ದವು,
ಮಾತ್ರೆಯ ಡಬ್ಬಿ ಸೂರಿನ ಹುಲ್ಲಿಗೆ ಸಿಕ್ಕಿಸಿತ್ತು.
"ನಿಮ್ಮ ಮಾತ್ರೆ ನುಂಗಿದ ಮೇಲೆ ಇದು.
ನುಂಗುವ ಮೊದಲು ಇಷ್ಟಿರಲಿಲ್ಲ."

ಸುಳ್ಳಲ್ಲ.
ಇಷ್ಟು ದಿನ ಮಲಗಿದ್ದ ಕಾವಲುಗಾರ ಎದ್ದಿದ್ದಾನಮ್ಮ,
ನಿದ್ದೆಗಣ್ಣಿನಲ್ಲಿ ಕಂಡಕಂಡವರ ಮೇಲೆ ದೊಣ್ಣೆ ಬೀಸುತ್ತಿದ್ದಾನೆ,
ಸ್ವಲ್ಪ ತಾಳು, ಮನೆಯವರ ಗುರುತು ಹತ್ತುತ್ತದೆ —
ಖುಂಬಿಜೆ ಕಲಿಸಿದ್ದನ್ನು ಗಿಣಿಯ ಹಾಗೆ ಒಪ್ಪಿಸಿದೆ.
ಅವಳು ನಗಲಿಲ್ಲ.
"ಅಲ್ಲಿಯ ತನಕ ಅವನಿಗೆ ಊಟ ಹಾಕುವವರು ಯಾರು?"
ನನ್ನ ಚೀಲದಲ್ಲಿ ಉತ್ತರವಿರಲಿಲ್ಲ. ಒಂದು ಡಬ್ಬಿ ಮುಲಾಮಿತ್ತು.

ಮತ್ತೆ ಶುರು ಮಾಡಿದಳು. ಯಾಕೆಂದು ಕೇಳಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ತೋಳು ತಿಳಿಯಾಯಿತು, ಮುಖವೂ.
ಖುಂಬಿಜೆ ದಫ್ತರದಲ್ಲಿ 'ಗುಣ' ಎಂದು ಬರೆಯುತ್ತಿದ್ದ.
ಅವಳು ತಿರುಗಿ ಕೂತು ಅಂಗಿ ಎತ್ತಿದಳು.

ಎರಡು ಹೆಗಲೆಲುಬುಗಳ ನಡುವೆ,
ಯಾವ ಕೈಗೂ ಎಟುಕದ ಗೇಣಗಲ ಜಾಗದಲ್ಲಿ,
ಮೊದಲ ಮಂಗಳವಾರ ಹಾಗೇ ಕೂತಿತ್ತು.

"ಗೋಡೆಗೆ ಮುಲಾಮು ಮೆತ್ತಿ ಒರಗಿ ಉಜ್ಜಿಕೊಂಡೆ," ಅಂದಳು.
"ಮಣ್ಣಿನ ಗೋಡೆ. ಅದೇ ಕುಡಿಯಿತು."
ಗಂಡ ಆಚೆ ದಡದಲ್ಲಿ ಬೇರೆ ಒಲೆ ಹೂಡಿದ್ದಾನೆ.
ತಂಗಿ ತಟ್ಟೆ ಬೇರೆ ಇಟ್ಟಿದ್ದಾಳೆ.
ಮಗಳಿಗೆ ತೋರಿಸಲು ಇವಳಿಗೇ ಮನಸ್ಸಿಲ್ಲ.

ಹದಿನೇಳು ವರ್ಷ ಮುಲಾಮು ಕಾಸಿದ್ದೇನೆ.
ಮೈತುಂಬ ಹಚ್ಚಿ ಎಂದು ಕಳಿಸಿದವರಲ್ಲಿ ಎಷ್ಟು ಜನ
ಗೋಡೆಗೆ ಒರಗಿದರೋ,
ಎಷ್ಟು ಜನ ಒರಗಲೂ ನಾಚಿದರೋ,
ಲೆಕ್ಕ ಹಾಕತೊಡಗಿ ನಿಲ್ಲಿಸಿಬಿಟ್ಟೆ.

ಈಗ ಡಬ್ಬಿ ಕೊಡುವ ಮೊದಲು ಕೇಳುತ್ತೇವೆ:
ಬೆನ್ನಿಗೆ ಯಾರಿದ್ದಾರೆ?
ಕೆಲವರು ಹೆಸರು ಹೇಳುತ್ತಾರೆ.
ಕೆಲವರು ಮಾವಿನ ಮರ ನೋಡುತ್ತಾರೆ.
"ಬೆನ್ನ ಹಿಂದೆ ಮಾತಾಡುವವರು ಬೇಕಾದಷ್ಟಿದ್ದಾರೆ," ಅಂದ ಲೈಸನ್ ಅಜ್ಜ,
ಬೆಂಚಿಗೆ ಬೆಂಚೇ ನಕ್ಕಿತು. ಅವನೂ ನಕ್ಕ.
ಆಮೇಲೆ ಮೆಲ್ಲಗೆ, "ಯಾರೂ ಇಲ್ಲ" ಅಂದ.
ಅಜ್ಜನ ಬೆನ್ನು ನನ್ನ ಪಾಲಿನದು.

ಹೆಂಗಸರಿಗೆ ಪರದೆಯ ಹಿಂದೆ ಒಂದು ಸ್ಟೂಲು.
ತಿಯಾಮಿಕೆ ತನ್ನದು ಮುಗಿದ ಮೇಲೂ ಹೋಗುವುದಿಲ್ಲ,
ತೋಳು ಮಡಿಸಿ ನಿಲ್ಲುತ್ತಾಳೆ, ಮುಂದಿನವಳ ಬೆನ್ನಿಗೆ.
ಮೀನಿನ ವಾಸನೆ ಎಂದು ಯಾರೋ ಗೊಣಗುತ್ತಾರೆ.
ದಂಡೆಯಲ್ಲಿ ಇವತ್ತಿಗೂ
ಪಕ್ಕದವಳ ಬುಟ್ಟಿಯೇ ಮೊದಲು ಖಾಲಿಯಾಗುತ್ತದೆ.

ಪರದೆಯಾಚೆಯಿಂದ ಕೂಗುತ್ತಾಳೆ:
"ಇವತ್ತು ಮೇಣ ಜಾಸ್ತಿ. ಕೈ ಜಾರುವುದಿಲ್ಲ."
ನಾನು ಒಲೆಗೆ ಇನ್ನೆರಡು ಇದ್ದಿಲು ಹಾಕುತ್ತೇನೆ.